ಸ್ಟಾರ್ಟ್ ಆಗದ ಕಾರುಗಳ ಲೋಕಯ್ಯ

ಬೆಳಗಿನ ಐದೂಮುಕ್ಕಾಲು. ವಾಮದಪದವಿನ ಪೇಟೆಯಿಂದ ಕೆಳಗಿಳಿಯುವ ಮಣ್ಣುದಾರಿಯ ಕೊನೆಯಲ್ಲಿ ಅಬ್ದುಲ್ಲ ಅವರ ಮನೆ. ಅಂಗಳದಲ್ಲಿ ಇಪ್ಪತ್ತೈದು ವರ್ಷ ದಾಟಿದ ಬಿಳಿ ಓಮ್ನಿಯೊಂದು ಇಬ್ಬನಿ ಹೊದ್ದು ನಿಂತಿದೆ. ಅದರ ಎದುರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಲೋಕಯ್ಯನವರು ಕೂತಿದ್ದಾರೆ. ಕೂತು ಹತ್ತು ನಿಮಿಷವಾಯಿತು. ಸಾಮಾನಿನ ಗೋಣಿಚೀಲ ಕಾಲಬುಡದಲ್ಲಿ ಕಟ್ಟಿದಂತೆಯೇ ಇದೆ. ಬಾಗಿಲು ತೆರೆದಿಲ್ಲ, ಸೀಟು ಎತ್ತಿಲ್ಲ, ಗಾಡಿಗೆ ಕೈ ಸಹ ತಾಗಿಸಿಲ್ಲ.

"ಹತ್ತು ಗಂಟೆಗೆ ಗುಜರಿಯವನು ಬರ್ತಾನೆ ಲೋಕಯ್ಯಣ್ಣ" ಎನ್ನುತ್ತಾರೆ ಅಬ್ದುಲ್ಲ, ಗಟ್ಟಿ ದನಿಯಲ್ಲಿ. ಲೋಕಯ್ಯನವರಿಗೆ ಮೆತ್ತಗೆ ಹೇಳಿದ್ದು ಕೇಳುವುದಿಲ್ಲ. "ಅಷ್ಟರೊಳಗೆ ಇದು ಅದರ ಕಾಲಿನಲ್ಲಿ ಗೇಟು ದಾಟಿದರೆ ನನ್ನದು. ಇಲ್ಲದಿದ್ದರೆ ಅವನದ್ದು. ನನಗೆ ಸಾಕಾಯಿತು, ಬೊಡಿತು ಮಾರಾಯ್ರೆ."

"ಬೊಡಿಯುವುದು ಆಮೇಲೆ. ಮೊದಲು ಹೇಳು. ಯಾವಾಗಿಂದ?"

ಇದು ಲೋಕಯ್ಯನವರ ಕ್ರಮ. ಗಾಡಿಗೆ ಕೈ ಹಾಕುವ ಮೊದಲು ಯಜಮಾನನ ಮಾತು ಕೇಳಬೇಕು. "ಗಾಡಿಗೆ ಬಾಯಿಲ್ಲ, ಯಜಮಾನನಿಗೆ ಉಂಟಲ್ಲ" ಎನ್ನುವುದು ಅವರ ಲೆಕ್ಕ. ಯಜಮಾನ ಅರ್ಧ ಸುಳ್ಳು ಹೇಳುತ್ತಾನೆ, ಕಾಲು ಭಾಗ ಮರೆತಿರುತ್ತಾನೆ. ಉಳಿದ ಕಾಲು ಭಾಗ ಹಿಡಿದುಕೊಂಡರೆ ಸಾಕು ಎಂದು ಅವರಿಗೆ ನಲವತ್ತೊಂದು ವರ್ಷದ ಕೆಲಸ ಕಲಿಸಿದೆ.

ಅಬ್ದುಲ್ಲ ಅವರದ್ದು ಬೇಕರಿಯ ಲೈನು. ನಸುಕಿನಲ್ಲಿ ಬ್ರೆಡ್ಡು, ಬನ್ನು, ರಸ್ಕು ತುಂಬಿಸಿಕೊಂಡು ಅಳದಂಗಡಿ, ಉಜಿರೆಯವರೆಗೆ ಅಂಗಡಿ ಅಂಗಡಿಗೆ ಹಾಕಿ ಬರುವುದು. ಮೂವತ್ತೆಂಟು ಅಂಗಡಿಗಳಿದ್ದವು. ಉಜಿರೆಯ ಹಾಸ್ಟೆಲು ಮಕ್ಕಳು ಏಳುವ ಮೊದಲು ಬ್ರೆಡ್ಡು ತಲುಪಬೇಕು. ತಲುಪದಿದ್ದರೆ ಅಂಗಡಿಯವರು ಬೇರೆ ಲೈನಿನವರಿಗೆ ಹೇಳುತ್ತಾರೆ. ಗಾಡಿ ದಾರಿಯಲ್ಲಿ ನಿಂತು ನಿಂತು ಈ ನಾಲ್ಕು ತಿಂಗಳಲ್ಲಿ ಹನ್ನೆರಡು ಅಂಗಡಿ ಕೈಬಿಟ್ಟಿವೆ. ಈವತ್ತಿನ ಬ್ರೆಡ್ಡು ನೆರೆಮನೆಯವರ ರಿಕ್ಷಾದಲ್ಲಿ ಹೋಗಿದೆ. ಹೀಗೆ ಇನ್ನೆಷ್ಟು ದಿನ ಹೋದೀತು? ಈ ಓಮ್ನಿ ಹೋದರೆ ಇನ್ನೊಂದು ಗಾಡಿ ಮಾಡುವ ತ್ರಾಣ ಇಲ್ಲ, ಲೈನೂ ಇಲ್ಲ.

"ಆಟಿ ತಿಂಗಳ ಮಳೆ ಕಳೆದ ಮೇಲೆ ಶುರುವಾದದ್ದು" ಎನ್ನುತ್ತಾರೆ ಅಬ್ದುಲ್ಲ. "ಏಳೆಂಟು ಮೈಲು ಸರಿ ಹೋಗ್ತದೆ. ಮತ್ತೆ ಜಗ್ಗಿ ಜಗ್ಗಿ ಸತ್ತು ಹೋಗ್ತದೆ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದವರ ಹಾಗೆ ಹೊರಡ್ತದೆ. ಒಬ್ಬ ಪಂಪು ಬದಲಿಸಿದ. ಎರಡು ದಿನ ಓಡಿತು. ಇನ್ನೊಬ್ಬ ಫಿಲ್ಟರು, ಪೈಪು ಬದಲಿಸಿದ. ಎರಡು ದಿನ ಓಡಿತು. ಮೂರನೆಯವನು ಕಾರ್ಬುರೇಟರು ಬಿಚ್ಚಿ ಸೀಮೆಎಣ್ಣೆಯಲ್ಲಿ ಮೀಯಿಸಿದ. ಮತ್ತೂ ಎರಡು ದಿನ. ಈಗ ಮೊನ್ನೆಯಿಂದ ಏಳುವುದೇ ಇಲ್ಲ."

"ಇದಕ್ಕೆ ಮಾಡಿದ ಚಾಕರಿ ಇವರು ನನ್ನ ಅತ್ತೆಗೂ ಮಾಡಲಿಲ್ಲ" ಎನ್ನುತ್ತಾರೆ ಒಳಗಿನಿಂದ ಚಹಾ ತಂದ ಝೈನಬ್, ಅಬ್ದುಲ್ಲ ಅವರ ಹೆಂಡತಿ. "ಅವರಿಗಾದರೂ ಕೊನೆಗಾಲಕ್ಕೆ ಒಂದು ಸಲ ಬಾಯಿಗೆ ನೀರು ಬಿಟ್ಟು ಕೈ ತೊಳೆದುಕೊಂಡರು."

ಲೋಕಯ್ಯನವರು ನಗುವುದಿಲ್ಲ. ಪೂರ್ತಿ ಕೇಳಿಸಲಿಲ್ಲವೋ ಏನೋ. "ಪೆಟ್ರೋಲು ಹಾಕಿದ ದಿನ ಹೇಗೆ ಓಡ್ತದೆ?" ಎಂದು ಕೇಳುತ್ತಾರೆ.

"ಹಾಕಿದ ದಿನ ಚೆನ್ನಾಗಿ ಓಡ್ತದೆ. ಅದಕ್ಕೇ ಎಲ್ಲರೂ ಹೇಳಿದ್ದು, ಟ್ಯಾಂಕಿಯ ತಳದಲ್ಲಿ ಕಸ ಉಂಟು ಅಂತ."

ಲೋಕಯ್ಯನವರು ತಲೆಯಾಡಿಸಿ ಚೀಲ ಬಿಚ್ಚುತ್ತಾರೆ. ಬಿಚ್ಚಲು ಹೊತ್ತು ಹಿಡಿಯುತ್ತದೆ. ಆಟಿಯ ಕೊನೆಗೆ ಬಂದ ಜ್ವರ ಬೆರಳಿನ ಗಂಟುಗಂಟಿನಲ್ಲಿ ಕೂತುಬಿಟ್ಟಿದೆ. ಎರಡು ತಿಂಗಳು ಅವರು ಸ್ಪಾನರು ಹಿಡಿಯಲಿಲ್ಲ, ಚಾಪೆಯಿಂದ ಏಳಲಿಕ್ಕೇ ಹೆಂಡತಿ ಸೇಸಮ್ಮನ ಹೆಗಲು ಬೇಕಿತ್ತು. ಅಬ್ದುಲ್ಲ ಬೇರೆಯವರ ಹತ್ತಿರ ಹೋದದ್ದು ಆಗಲೇ.

ಲೋಕಯ್ಯನವರಿಗೆ ಅರವತ್ನಾಲ್ಕು. ಊರಿನ ಶಾಲೆಯಲ್ಲಿ ಐದನೆಯ ಕ್ಲಾಸು. ಹದಿನಾರರಲ್ಲಿ ಮೂಡುಬಿದಿರೆಯ ಬಸ್ಸಿನ ಗ್ಯಾರೇಜು ಸೇರಿ ಚಕ್ರ ತೊಳೆದರು, ಗ್ರೀಸು ತುಂಬಿದರು. ಇಪ್ಪತ್ತಮೂರರಲ್ಲಿ ಟ್ಯಾಕ್ಸಿ ಸ್ಟ್ಯಾಂಡಿನ ಮೇಸ್ತ್ರಿಯೊಬ್ಬರ ಕೈಕೆಳಗೆ ಪೆಟ್ರೋಲು ಕಾರಿನ ಕೆಲಸ ಹಿಡಿದರು. ಆ ಮೇಸ್ತ್ರಿ ಒಂದೇ ಪಾಠ ಹೇಳಿಕೊಟ್ಟರಂತೆ: ಗಾಡಿ ಏಳದಿದ್ದರೆ ಬೆಂಕಿ ಬರಲಿಲ್ಲ, ಇಲ್ಲವೇ ಎಣ್ಣೆ ಬರಲಿಲ್ಲ, ಇಲ್ಲವೇ ಗಾಳಿ ಬರಲಿಲ್ಲ, ನಾಲ್ಕನೆಯದು ಹುಡುಕುವವನು ಮೆಕ್ಯಾನಿಕ್ ಅಲ್ಲ, ಜ್ಯೋತಿಷಿ. ಆಮೇಲಿನ ವರ್ಷಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಹಳೆಯ ಕಾರುಗಳು ಅವರನ್ನು ಹುಡುಕಿಕೊಂಡು ಬಂದವು. ಬಾರದಿದ್ದಾಗ ಅವರೇ ಬಸ್ಸು ಹಿಡಿದು ಹೋದರು. ಗಲ್ಫಿನಿಂದ ವರ್ಷಕ್ಕೊಮ್ಮೆ ರಜೆಗೆ ಬಂದವರು ಶೆಡ್ಡಿನಲ್ಲಿ ಮಲಗಿದ್ದ ಕಾರಿನ ಹೊದಿಕೆ ತೆಗೆದು, ಕೀ ತಿರುಗಿಸಿ, ಅದು ಏಳದಿದ್ದಾಗ ಮೊದಲು ನೆನೆಯುತ್ತಿದ್ದದ್ದು ಈ ಲೋಕಯ್ಯನವರನ್ನು. ಹನ್ನೊಂದು ತಿಂಗಳು ನಿಂತ ಪೆಟ್ರೋಲು ಹೇಗೆ ಬೆಲ್ಲದ ಪಾಕದ ಹಾಗೆ ಅಂಟಾಗುತ್ತದೆ, ಅದರ ವಾಸನೆ ಹೇಗೆ ಹಳಸುತ್ತದೆ ಎಂದು ಅವರ ಮೂಗಿಗೆ ಗೊತ್ತು.

ಈ ಕಸುಬು ಕೊಟ್ಟದ್ದಕ್ಕಿಂತ ತೆಗೆದುಕೊಂಡದ್ದೇ ಹೆಚ್ಚೇನೋ. ಓಡುವ ಇಂಜಿನುಗಳ ಪಕ್ಕದಲ್ಲಿ ನಿಂತು ನಿಂತು ಬಲಗಿವಿ ಐವತ್ತಕ್ಕೇ ಹೋಯಿತು, ಎಡಗಿವಿ ಅರ್ಧ. ಪೈಪಿನಲ್ಲಿ ಬಾಯಿಯಿಂದ ಪೆಟ್ರೋಲು ಎಳೆದು ಎಳೆದು ನಾಲಿಗೆಯ ರುಚಿ ಸತ್ತಿದೆ. "ಸಾರಿಗೆ ಉಪ್ಪು ಹಾಕಲು ಮರೆತರೂ ಉಂಡು ಏಳ್ತಾರೆ" ಎನ್ನುತ್ತಾರೆ ಸೇಸಮ್ಮ. "ನನಗೆ ಅದೊಂದು ಸುಖ."

ಸೇಸಮ್ಮನವರ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಲೋಕಯ್ಯನವರ ಗ್ಯಾರೇಜು ಎಂದರೆ ಮನೆಯ ಬದಿಗೆ ಇಳಿಸಿದ ಶೀಟಿನ ಮಾಡು. ಅದರ ಮೂಲೆಯಲ್ಲಿ ಕೂತು ಸೇಸಮ್ಮ ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಿದ್ದರು. ಗಂಡ ಬಾನೆಟ್ಟಿನೊಳಗೆ ತಲೆ ಹಾಕಿ "ಒಂದು ತಿರುಗಿಸು" ಎಂದರೆ ಎದ್ದು ಹೋಗಿ ಕೀ ತಿರುಗಿಸುತ್ತಿದ್ದರು. ಹೀಗೆ ತಿರುಗಿಸುತ್ತ ತಿರುಗಿಸುತ್ತ ಯಾವ ಸದ್ದು ಯಾವ ರೋಗದ್ದು ಎಂದು ಕಿವಿಗೆ ಹಿಡಿಯಿತು. ಈಗ ಗಂಡನಿಗೆ ಕೇಳಿಸದ ಸದ್ದನ್ನೆಲ್ಲ ಕೇಳಿ ಹೇಳುವವರು ಅವರೇ. "ಎಂತ ಹೇಳ್ತದೆ?" ಎಂದು ಇವರು ಕೇಳುತ್ತಾರೆ. "ಬಾಯಾರಿದೆ ಅಂತದೆ" ಎಂದು ಅವರು ಹೇಳುತ್ತಾರೆ. ಪೆಟ್ರೋಲು ಬರುತ್ತಿಲ್ಲ ಎಂದು ಅರ್ಥ. "ಹೊಟ್ಟೆ ತುಂಬಿ ತೇಗ್ತದೆ" ಎಂದರೆ ಪೆಟ್ರೋಲು ಹೆಚ್ಚಾಗಿದೆ ಎಂದು.

ಕೆಲಸ ಮೊದಲಿನಷ್ಟಿಲ್ಲ. ಒಂದು ಕಾಲದಲ್ಲಿ ದಿನಕ್ಕೆ ಆರೇಳು ಗಾಡಿ. ಈಗ ವಾರಕ್ಕೆ ಮೂರು ಬಂದರೆ ದೊಡ್ಡದು. ಹೊಸ ಕಾರುಗಳಿಗೆ ಪೇಟೆಯಲ್ಲಿ ವಯರು ಸಿಕ್ಕಿಸಿದರೆ ರೋಗದ ಹೆಸರು ಪರದೆಯ ಮೇಲೆ ಬರುತ್ತದೆ. ಕಾರ್ಬುರೇಟರಿನ ಗಾಡಿಗಳು ತಮ್ಮ ಕೈಕೆಳಗೆ ಅರವತ್ತೆರಡಿದ್ದವು ಎಂದು ಲೋಕಯ್ಯನವರು ಬೆರಳು ಮಡಚುತ್ತಾರೆ. "ಈಗ ಹತ್ತೊಂಬತ್ತು" ಎಂದು ಸೇಸಮ್ಮ ತಿದ್ದುತ್ತಾರೆ. "ಇವತ್ತು ಹತ್ತು ಗಂಟೆಯ ಮೇಲೆ ಹದಿನೆಂಟೋ ಏನೋ."

ಓಮ್ನಿಯ ಎಡಗಡೆಯ ಸೀಟು ಎತ್ತಿದರೆ ಇಂಜಿನು. ಬಲಗಡೆ ಚಾಲಕನ ಸೀಟಿನಲ್ಲಿ, ಗಂಡನ ಜೊತೆಯಲ್ಲೇ ಬಂದ ಸೇಸಮ್ಮ ಸೆರಗು ಸಿಕ್ಕಿಸಿ ಕೂರುತ್ತಾರೆ. ಮೊದಲು ಬೆಂಕಿ. ಪ್ಲಗ್ಗಿನ ವಯರು ಕಬ್ಬಿಣಕ್ಕೆ ಹತ್ತಿರ ಹಿಡಿದಾಗ ನೀಲಿ ಕಿಡಿ ಹಾರುತ್ತದೆ. "ಬೆಂಕಿ ಉಂಟು." ಆಮೇಲೆ ಎಣ್ಣೆ. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪಿನ ತುದಿ ಬಿಚ್ಚಿ ಗಾಜಿನ ಬಾಟಲಿಗೆ ಬಿಡುತ್ತಾರೆ. ಕೀ ತಿರುಗಿದೊಡನೆ ಒಂದು ಗುಟುಕು ಪೆಟ್ರೋಲು ಚಿಮ್ಮುತ್ತದೆ. ಇನ್ನೊಮ್ಮೆ ತಿರುಗಿಸಿದರೆ ನೂಲಿನಷ್ಟು. ಮೂರನೆಯ ಸಲ ಏನೂ ಇಲ್ಲ.

"ನೋಡಿ, ಪಂಪೇ ಹಾಳು" ಎನ್ನುತ್ತಾರೆ ಅಬ್ದುಲ್ಲ. "ಹೊಸತು ಹಾಕಿ ನಾಲ್ಕು ತಿಂಗಳಾಗಲಿಲ್ಲ."

"ಬಾವಿ ಬತ್ತಿದರೆ ಕೊಡಪಾನಕ್ಕೆ ಬೈಯಬಾರದು. ಸುಮ್ಮನಿರು."

ಚೀಲದಿಂದ ಈಗ ಹೊರಬರುವುದು ಆಸ್ಪತ್ರೆಯ ಖಾಲಿ ಗ್ಲುಕೋಸ್ ಬಾಟಲಿ, ಅದಕ್ಕೊಂದು ಸಣ್ಣ ಪೈಪು. ಅದರಲ್ಲಿ ಕಾಲು ಲೀಟರು ಪೆಟ್ರೋಲು ತುಂಬಿ, ಬಾಗಿಲಿನ ಚೌಕಟ್ಟಿಗೆ ತೂಗುಹಾಕಿ, ಪೈಪಿನ ತುದಿಯನ್ನು ಸೀದಾ ಕಾರ್ಬುರೇಟರಿಗೆ ಕೊಡುತ್ತಾರೆ. ಸೇಸಮ್ಮ ಕೀ ತಿರುಗಿಸುತ್ತಾರೆ. ಓಮ್ನಿ ಎರಡು ಸಲ ಕೆಮ್ಮಿ, ಎದ್ದು, ಅಂಗಳ ನಡುಗುವ ಹಾಗೆ ಓಡತೊಡಗುತ್ತದೆ.

ಅಬ್ದುಲ್ಲ ಅವರ ಮುಖ ಅರಳುತ್ತದೆ. ಲೋಕಯ್ಯನವರು ಕೈಯೆತ್ತಿ ಆರಿಸಲು ಹೇಳುತ್ತಾರೆ. "ಇದು ಗ್ಲುಕೋಸಿನಲ್ಲಿ ಎದ್ದು ಕೂತದ್ದು, ಗುಣ ಆದದ್ದಲ್ಲ. ಇಂಜಿನು ಸರಿ ಉಂಟು, ಕಾರ್ಬುರೇಟರು ಸರಿ ಉಂಟು. ಟ್ಯಾಂಕಿಯಿಂದ ಪಂಪಿಗೆ ಬರುವ ದಾರಿಯಲ್ಲಿ ಎಲ್ಲಿಯೋ ತಡೆ ಉಂಟು. ಅಷ್ಟು ಗೊತ್ತಾಯಿತು."

ಗಂಟೆ ಎಂಟಾಗುತ್ತ ಬಂತು. ಅವರು ಎದ್ದು ನಿಲ್ಲಲು ಬಾಗಿಲು ಹಿಡಿಯುತ್ತಾರೆ. ಮೊಣಕಾಲಿನ ಗಂಟು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತಾರೆ. ಮುಂದಿನ ಕೆಲಸ ಇಬ್ಬರದ್ದು. ಇವರು ಪಂಪಿನ ಕಡೆಯಿಂದ ಪೈಪಿಗೆ ಗಾಳಿ ಊದಬೇಕು, ಸೇಸಮ್ಮ ಟ್ಯಾಂಕಿಯ ಬಾಯಿಗೆ ಕಿವಿಯಿಟ್ಟು ಗುಳುಗುಳು ಕೇಳುತ್ತದೋ ನೋಡಬೇಕು. ಕೇಳಿದರೆ ದಾರಿ ಸರಿ, ಕೇಳದಿದ್ದರೆ ಅಲ್ಲೇ ಕಸ.

"ಮುಚ್ಚಳ ತೆಗೆ. ನಾನು ಪೈಪು ಬಿಚ್ಚುವ ಮೊದಲು ಕಿವಿ ಇಟ್ಟಿರು" ಎಂದು ಲೋಕಯ್ಯನವರು ಕೂಗಿ ಹೇಳುತ್ತಾರೆ.

ಸೇಸಮ್ಮ ಕೀ ಹಾಕಿ ಪೆಟ್ರೋಲಿನ ಮುಚ್ಚಳ ತಿರುಗಿಸುತ್ತಾರೆ. ಅದು ಎಂದಿಗಿಂತ ಬಿಗಿ. ಇನ್ನಷ್ಟು ಬಲ ಹಾಕಿ ತಿರುಗಿಸಿದಾಗ ಟ್ಯಾಂಕಿಯೊಳಗಿನಿಂದ ಸುಂಯ್ ಎಂದು ಒಂದು ಉದ್ದನೆಯ ಸದ್ದು. ಮುಳುಗಿದವನು ಮೇಲೆ ಬಂದು ಉಸಿರು ಎಳೆದುಕೊಂಡ ಹಾಗೆ. ಝೈನಬ್ ಸಹ ತಿರುಗಿ ನೋಡುತ್ತಾರೆ. ಕೇಳಿಸದೆ ಹೋದದ್ದು ಲೋಕಯ್ಯನವರಿಗೆ ಮಾತ್ರ.

ಸೇಸಮ್ಮ ಮುಚ್ಚಳ ಮಗುಚಿ ನೋಡುತ್ತಾರೆ. ಅದರ ಒಳಮೈಗೆ ಹಾಲಿನ ತೊಟ್ಟೆಯ ಪ್ಲಾಸ್ಟಿಕ್ಕು ಎರಡು ಮಡಿಕೆ ಮಾಡಿ ಬಿಗಿದಿದೆ. ಬಿಗಿದದ್ದು ಗುಲಾಬಿ ಬಣ್ಣದ ನೂಲಿನಲ್ಲಿ. ಬೀಡಿ ಕಟ್ಟುವ ನೂಲು ಅದು. ಆ ಬಣ್ಣದ ಉಂಡೆ ಅವರ ಮೊರದಲ್ಲಿ ಈಗಲೂ ಇದೆ.

ಅವರು ಗಂಡನ ಮುಖ ನೋಡುತ್ತಾರೆ. ಮುಚ್ಚಳದ ಮೇಲೆ ಮುಷ್ಟಿ ಮುಚ್ಚಿಕೊಳ್ಳುತ್ತದೆ.

ಲೋಕಯ್ಯನವರಿಗೆ ಸದ್ದು ಕೇಳದಿದ್ದರೂ ಹೆಂಡತಿಯ ಮುಷ್ಟಿ ಕಾಣುತ್ತದೆ, ಬೆರಳಿನ ಸಂದಿಯಲ್ಲಿ ಗುಲಾಬಿ ನೂಲಿನ ತುದಿ ಕಾಣುತ್ತದೆ. ಆಟಿಯ ಕೊನೆಯ ಆ ದಿನ ನೆನಪಾಗುತ್ತದೆ. ಮೂರು ದಿನ ಬಿಡದೆ ಹೊಯ್ದ ಮಳೆ. ಈ ಓಮ್ನಿಯ ಮುಚ್ಚಳದ ರಬ್ಬರು ಸವೆದು ಟ್ಯಾಂಕಿಗೆ ನೀರು ಇಳಿದಿತ್ತು. ಎಲ್ಲ ಬಸಿದು ಒಣಗಿಸಿ, ಬೇರೆ ರಬ್ಬರು ಸಿಗುವವರೆಗೆ ಇರಲಿ ಎಂದು ತಾವೇ ಪ್ಲಾಸ್ಟಿಕ್ಕು ಕಟ್ಟಿದ್ದರು. ಮಳೆಯ ಊರಿನಲ್ಲಿ ಎಲ್ಲರೂ ಮಾಡುವ ಉಪಾಯ. ಆದರೆ ಬಿಗಿಯುವವನು ಸೂಜಿಯಲ್ಲಿ ಒಂದು ತೂತು ಚುಚ್ಚಬೇಕು. ಅಂದು ಮೈ ಬಿಸಿಯಾಗಿತ್ತು, ಬೇಗ ಹೋಗಿ ಮಲಗಿದರೆ ಸಾಕೆನಿಸಿತ್ತು. ಚುಚ್ಚಲಿಲ್ಲ. ಮರುದಿನದಿಂದ ಚಾಪೆ ಹಿಡಿದವರಿಗೆ ರಬ್ಬರೂ ನೆನಪಾಗಲಿಲ್ಲ.

ಪೆಟ್ರೋಲು ಹೊರಗೆ ಹೋದಷ್ಟೂ ಆ ಜಾಗಕ್ಕೆ ಗಾಳಿ ಒಳಗೆ ಬರಬೇಕು. ತೆಂಗಿನೆಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಗುಟುಕು ಬಂದು ನಿಲ್ಲುವುದನ್ನು ಕಾಣದ ಹೆಂಗಸಿಲ್ಲ. ಇನ್ನೊಂದು ಬದಿಗೆ ಮೊಳೆ ಹೊಡೆದ ಮೇಲೆಯೇ ಅದು ಧಾರೆಯಾಗಿ ಇಳಿಯುವುದು. ಈ ಟ್ಯಾಂಕಿಗೆ ಗಾಳಿ ಬರಲು ಇದ್ದ ತೂತು ಮುಚ್ಚಳದಲ್ಲೇ. ಅದರ ಮೇಲೆ ಪ್ಲಾಸ್ಟಿಕ್ಕು. ಪೆಟ್ರೋಲು ಹಾಕಲು ಮುಚ್ಚಳ ತೆಗೆದಾಗ, ಪೈಪೋ ಪಂಪೋ ಬಿಚ್ಚಿದಾಗ ಟ್ಯಾಂಕಿ ಒಂದಿಷ್ಟು ಉಸಿರಾಡಿದೆ. ಯಾರು ಕೈ ಹಾಕಿದರೂ ಎರಡು ದಿನ ಓಡಿದ್ದು ಅದಕ್ಕೆ. ಬಂಕಿನ ಹುಡುಗರು ಮುಚ್ಚಳ ತೆಗೆದು ಹಾಕುತ್ತಾರೆ, ಮಗುಚಿ ನೋಡುವುದಿಲ್ಲ. ಪಂಪಿನ ತಪ್ಪೂ ಅಲ್ಲ, ಆ ಮೂವರ ತಪ್ಪೂ ಅಲ್ಲ.

"ಎಂತ ಸೇಸಕ್ಕ, ಕಸ ಸಿಕ್ಕಿತಾ?" ಎಂದು ಅಬ್ದುಲ್ಲ ಕೇಳುತ್ತಾರೆ.

ಸೇಸಮ್ಮ ಹೌದು ಕಸ ಎಂದು ಒಂದು ಮಾತು ಹೇಳಿದರೆ ಆಯಿತು. ಮೂವರಿಂದ ಆಗದ್ದು ಲೋಕಯ್ಯನಿಂದ ಆಯಿತು ಎಂದು ಪೇಟೆಯಲ್ಲಿ ಹೆಸರಾಗುತ್ತದೆ. ಕಿವಿ ಹೋದರೂ ಕೈ ಹೋಗಲಿಲ್ಲ ಎನ್ನುತ್ತಾರೆ.

"ಕೈ ಬಿಡಿಸು" ಎನ್ನುತ್ತಾರೆ ಲೋಕಯ್ಯನವರು.

"ಹೋಯ್, ನೀವು..."

"ಬಿಡಿಸು ಮಾರಾಯ್ತಿ."

ಮುಚ್ಚಳ ತೆಗೆದುಕೊಂಡು ಅಬ್ದುಲ್ಲ ಅವರ ಅಂಗೈಯಲ್ಲಿ ಇಡುತ್ತಾರೆ. "ಇದು ನಿನ್ನ ಗಾಡಿಯ ರೋಗ. ಕಟ್ಟಿದ್ದು ನಾನು. ಆಟಿಯಲ್ಲಿ. ತೂತು ಮಾಡಲು ಬಿಟ್ಟುಹೋಯಿತು."

ಅಬ್ದುಲ್ಲ ಮುಚ್ಚಳವನ್ನು ಅತ್ತಿತ್ತ ಮಗುಚಿ ನೋಡುತ್ತಾರೆ. ಇಷ್ಟು ಸಣ್ಣದ್ದಾ ಎಂಬಂತೆ. "ನಾಲ್ಕು ತಿಂಗಳು" ಎನ್ನುತ್ತಾರೆ. "ನಾಲ್ಕು ತಿಂಗಳು ನನ್ನ ಗಾಡಿಯ ಮೂಗು ಹಿಡಿದು ಕೂತದ್ದು ನೀವಾ? ಹನ್ನೆರಡು ಅಂಗಡಿ ಹೋಯಿತು ನನ್ನದು. ನಾನು ಆ ಪಂಪು ಬದಲಿಸಿದವನ ಹತ್ತಿರ ಬಾಯಿಗೆ ಬಂದ ಹಾಗೆ ಮಾತಾಡಿದ್ದೇನೆ. ಅವನ ಮುಖ ನೋಡುವುದು ಹೇಗೆ?" ಮುಚ್ಚಳವನ್ನು ಕಲ್ಲಿನ ಮೇಲಿಟ್ಟು ಒಳಗೆ ಹೋಗುತ್ತಾರೆ.

ಲೋಕಯ್ಯನವರು ತಲೆ ತಗ್ಗಿಸಿ ನಿಂತೇ ಇದ್ದಾರೆ. ಬೆಳಗಿನಿಂದ ಆದ ದಣಿವೆಲ್ಲ ಆಗಲೇ ಮೈಗೆ ಇಳಿದಂತೆ ಕಾಣುತ್ತದೆ. ಝೈನಬ್ ಇನ್ನೊಂದು ಲೋಟ ಚಹಾ ತಂದು ಅವರ ಕೈಗೆ ಕೊಡುತ್ತಾರೆ. "ಕುಡಿಯಿರಿ ಲೋಕಯ್ಯಣ್ಣ, ತಣಿತದೆ. ಇವರ ಸಿಟ್ಟು ಅವಲಕ್ಕಿ ನೆನೆಯುವಷ್ಟು ಹೊತ್ತು. ನನಗೆ ಇಪ್ಪತ್ತಾರು ವರ್ಷದಿಂದ ಗೊತ್ತುಂಟು."

ಚಹಾ ಕುಡಿಯದೆ ಅವರು ಕೆಲಸಕ್ಕೆ ಕೂರುತ್ತಾರೆ. ಪ್ಲಾಸ್ಟಿಕ್ಕು ಕತ್ತರಿಸಿ ತೆಗೆಯುತ್ತಾರೆ. ಸೈಕಲ್ಲಿನ ಹಳೆಯ ಟ್ಯೂಬಿನಿಂದ ಬಳೆಯ ಹಾಗೆ ರಬ್ಬರು ಕತ್ತರಿಸಿ ಕೂರಿಸುತ್ತಾರೆ. ಮುಚ್ಚಳದ ಉಸಿರಿನ ತೂತಿಗೆ ಸೂಜಿ ಹಾಕಿ ತೆಗೆಯುತ್ತಾರೆ, ಬಾಯಿಯಿಂದ ಊದಿ, ಹೆಂಡತಿಯ ಕೆನ್ನೆಯ ಹತ್ತಿರ ಹಿಡಿದು "ಗಾಳಿ ಬರ್ತದಾ?" ಎಂದು ಕೇಳುತ್ತಾರೆ. "ಬರ್ತದೆ." ಇನ್ನೊಮ್ಮೆ ಊದುತ್ತಾರೆ. "ಬರ್ತದೆ ಅಂದೆನಲ್ಲ." ಮತ್ತೂ ಒಮ್ಮೆ.

ಒಂಬತ್ತೂಕಾಲಿಗೆ ಅಬ್ದುಲ್ಲ ಶರಟು ಹಾಕಿಕೊಂಡು ಹೊರಗೆ ಬರುತ್ತಾರೆ. ಯಾರ ಮುಖವನ್ನೂ ನೋಡುವುದಿಲ್ಲ. ಚಾಲಕನ ಸೀಟಿನಲ್ಲಿ ಕೂತು, "ಹತ್ತಿ. ಆ ಏರು ಹತ್ತಿಸಿಯೇ ನೋಡುವ" ಎನ್ನುತ್ತಾರೆ.

ಓಮ್ನಿ ಅದರ ಟ್ಯಾಂಕಿಯ ಪೆಟ್ರೋಲಿನಲ್ಲೇ ಏಳುತ್ತದೆ. ಮುಂದೆ ಅಬ್ದುಲ್ಲ, ಪಕ್ಕದಲ್ಲಿ ಲೋಕಯ್ಯ, ಹಿಂದೆ ಬ್ರೆಡ್ಡಿನ ಖಾಲಿ ಟ್ರೇಗಳ ನಡುವೆ ಸೇಸಮ್ಮ. ಅಳದಂಗಡಿಯ ದಾರಿಯಲ್ಲಿ, ಮನೆಯಿಂದ ಎಂಟು ಮೈಲಿಗೆ, ಒಂದು ಮೋರಿ ದಾಟಿದ ಮೇಲೆ ಉದ್ದನೆಯ ಏರು. ನಾಲ್ಕು ತಿಂಗಳಿಂದ ಗಾಡಿ ಕೈಕೊಡುವುದು ಅಲ್ಲಿಯೇ. ಮೋರಿ ಬಂತು. ಅಬ್ದುಲ್ಲ ಗೇರು ಇಳಿಸುತ್ತಾರೆ. ಲೋಕಯ್ಯನವರು ಅಂಗೈಯನ್ನು ಸೀಟಿನ ಬದಿಗೆ ಒತ್ತಿ ಹಿಡಿದಿದ್ದಾರೆ. ಕಿವಿಗೆ ಬಾರದ್ದು ಕೈಗೆ ಬರುತ್ತದೆ.

"ಎಂತ ಹೇಳ್ತದೆ?" ಎನ್ನುತ್ತಾರೆ ಹಿಂದೆ ತಿರುಗದೆ.

"ಏನೂ ಹೇಳುವುದಿಲ್ಲ. ಸುಮ್ಮನೆ ಹೋಗ್ತಾ ಉಂಟು" ಎನ್ನುತ್ತಾರೆ ಸೇಸಮ್ಮ.

ಏರಿನ ತುದಿಯಲ್ಲಿ ಅಬ್ದುಲ್ಲ ಗಾಡಿಯನ್ನು ಬದಿಗೆ ಹಾಕುತ್ತಾರೆ. ಇಂಜಿನು ಆರಿಸುವುದಿಲ್ಲ. ಫೋನು ತೆಗೆದು ಗುಜರಿಯವನಿಗೆ ಹೇಳುತ್ತಾರೆ: "ಬರಬೇಡ. ಇಲ್ಲ, ಬೇರೆಯವರಿಗೆ ಕೊಟ್ಟದ್ದಲ್ಲ. ಕೊಡುವುದಿಲ್ಲ, ಅಷ್ಟೆ." ಮತ್ತೆ ಲೋಕಯ್ಯನವರ ಎಡಗಿವಿಯ ಕಡೆ ಬಾಗಿ, "ಆ ಪಂಪಿನವನ ಹತ್ತಿರ ನೀವೇ ಬಂದು ಹೇಳಬೇಕು. ನಾನೊಬ್ಬನೇ ಹೋಗುವುದಿಲ್ಲ" ಎನ್ನುತ್ತಾರೆ.

"ಈಗಲೇ ಹೋಗುವ" ಎನ್ನುತ್ತಾರೆ ಲೋಕಯ್ಯನವರು.

ಹಾಗೆ ಮೂವರೂ ಸೀದಾ ಅಲ್ಲಿಗೇ ಹೋಗಿ ಬಂದದ್ದಾಯಿತು. ಪಂಪು ಹಾಕಿದ ಮೆಕ್ಯಾನಿಕ್ ಮೊದಲು ನಕ್ಕರಂತೆ, ಆಮೇಲೆ ಬೈದರಂತೆ, ಆಮೇಲೆ ಕುರ್ಚಿ ಕೊಟ್ಟರಂತೆ. ಮಧ್ಯಾಹ್ನ ತಮ್ಮ ಶೀಟಿನ ಮಾಡಿನಡಿ ಕೂತಾಗ ಲೋಕಯ್ಯನವರಿಗೆ ಕಣ್ಣು ಬಿಡಲೂ ಆಯಾಸ. ಬರೆಯಲು ಬಂದ ನಾವು ಪೇಪರಿಗೆ ಒಂದು ಫೋಟೋ ಎಂದರೆ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಫೋಟೋ ಎಂತಕ್ಕೆ? ಆ ಜಾಗದಲ್ಲಿ ಈ ಮಾತು ಹಾಕಿ. ಅದೇ ಆಟಿಯಲ್ಲಿ ನಾನು ಇನ್ನೂ ಎರಡು ಗಾಡಿಗೆ ಪ್ಲಾಸ್ಟಿಕ್ಕು ಕಟ್ಟಿದ್ದೇನೆ. ಒಂದು ಮೂಡುಬಿದಿರೆ ಕಡೆಯ ಮಾಸ್ಟ್ರೊಬ್ಬರ ನೀಲಿ 'ಎಂಟುನೂರು' ಕಾರು. ಇನ್ನೊಂದು ಯಾರದ್ದೋ, ಜ್ವರದಲ್ಲಿ ನೆನಪಿಲ್ಲ. ತೂತು ಚುಚ್ಚಿದ್ದೇನೋ ಇಲ್ಲವೋ, ಅದೂ ನೆನಪಿಲ್ಲ. ದಾರಿಯಲ್ಲಿ ನಿಲ್ಲುವ ಗಾಡಿ ಇದ್ದವರು ಒಮ್ಮೆ ಮುಚ್ಚಳ ಮಗುಚಿ ನೋಡಲಿ. ಗುಲಾಬಿ ನೂಲು ಕಂಡರೆ ಕತ್ತರಿಸಿ ಬಿಸಾಡಲಿ."

ಹೆಸರು ಹಾಕದೆ ಬರೆಯಬಹುದಲ್ಲ ಎಂದರೆ ಅವರು ಒಪ್ಪುವುದಿಲ್ಲ.

"ಹೆಸರು ಹಾಕಿ. ಊರು ಸಹ ಹಾಕಿ. ಇಲ್ಲದಿದ್ದರೆ ಬೇರೆ ಯಾವನೋ ಮೆಕ್ಯಾನಿಕ್ ಮಾಡಿದ್ದು ಅಂತ ಅವನಿಗೆ ಬೈಯ್ತಾರೆ. ನಾನು ಕಟ್ಟಿದ್ದು ನನ್ನದೇ."